ಆರು ಯಂತ್ರಗಳ ಹಾಜರಿ

ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಉಪಾಧ್ಯಾಯಿನಿಯರು ನಮ್ಮನ್ನು ಕೇಳಿಕೊಂಡರು. ಮುಖ್ಯೋಪಾಧ್ಯಾಯಿನಿಯಾದವಳು ಶಾಲೆಯ ಏಳಿಗೆಯನ್ನು ಕುರಿತು ಬರೆಯುವುದು ವಾಡಿಕೆ. ಆದರೆ ಏಳಿಗೆಯ ಸಂಗತಿಗಳು ವಾರ್ಷಿಕ ವರದಿಯಲ್ಲಿ ಹೇಗೂ ಅಚ್ಚಾಗುವುವು. ವರದಿಯಲ್ಲಿ ಸೇರದ ಸಂಗತಿಯೊಂದನ್ನು, ಎಂದರೆ ನಾವೇ ಮಾಡಿದ ಒಂದು ತಪ್ಪನ್ನೂ ಹುಡುಗಿಯರು ಅದನ್ನು ತಿದ್ದಿದ ಬಗೆಯನ್ನೂ ಇಲ್ಲಿ ಹೇಳಬೇಕೆಂದು ನಮಗೆ ತೋರಿತು. ಇದರಿಂದ ಗಣಕಯಂತ್ರಗಳನ್ನು ಜೋಡಿಸಿ ಕೆಲಸ ಮಾಡಿಸುವವರಿಗೆ ಸ್ವಲ್ಪ ಸಹಾಯವಾದೀತು. ಮಕ್ಕಳಿಗೆ ಪಾಠ ಹೇಳುವವರಿಗೂ ಆದೀತು.

ನಮ್ಮ ಗಣಕ ಕೊಠಡಿಯು ಹಿಂದೆ ಹೊಲಿಗೆಯ ತರಗತಿ ನಡೆಯುತ್ತಿದ್ದ ಕೋಣೆ. ಅಲ್ಲಿ ಆರು ಯಂತ್ರಗಳಿವೆ. ಅವು ಒಂದೇ ದಿನ ಬಂದವುಗಳಲ್ಲ. ಹಳೆಯ ವಿದ್ಯಾರ್ಥಿನಿಯರು ಒಬ್ಬೊಬ್ಬರಾಗಿ, ಬೇರೆಬೇರೆ ವರ್ಷಗಳಲ್ಲಿ, ದಾನವಾಗಿ ಕೊಟ್ಟವು. ಆದಕಾರಣ ಹೊರಗಿನಿಂದ ನೋಡುವವರಿಗೆ ಆರೂ ಒಂದೇ ತಾಯಿಯ ಮಕ್ಕಳಂತೆ ಕಂಡರೂ ಒಳಗಿನ ಸಾಮಗ್ರಿ ಒಂದೊಂದರದು ಒಂದೊಂದು ರೀತಿ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ನಾವು ಅದನ್ನು ಮರೆತದ್ದರಿಂದಲೇ ಮುಂದಿನದೆಲ್ಲ ನಡೆಯಿತು. ನಮ್ಮ ಪದವಿಯು ಗಣಿತದಲ್ಲಿ. ಆಮೇಲೆ ಉಪಾಧ್ಯಾಯಿನಿಯರ ತರಬೇತಿ. ಗಣಕವಿದ್ಯೆಯನ್ನಾದರೋ ನಾವು ನಲವತ್ತು ದಾಟಿದ ಮೇಲೆ ಹುಡುಗಿಯರ ಜೊತೆಯಲ್ಲಿ ಕುಳಿತು ಕಲಿತವರು. ಆದಾಗ್ಯೂ ಕೊಠಡಿಯಲ್ಲಿ ತಿಳಿದವರಂತೆ ಮಾತಾಡುವ ಅಭ್ಯಾಸವು ನಮ್ಮನ್ನು ಬಿಟ್ಟಿರಲಿಲ್ಲ.

೨೦೨೪ನೆಯ ಇಸವಿಯ ನವೆಂಬರಿನಲ್ಲಿ ಹತ್ತನೆಯ ತರಗತಿಯ ಇಬ್ಬರು ಹುಡುಗಿಯರು ಒಂದೇ ದಿನ ಪೆಪ್ಪರ್‌ಮಿಂಟಿನ ಪೊಟ್ಟಣವನ್ನು ಹಿಡಿದು ನಮ್ಮ ಕೋಣೆಗೆ ಬಂದರು. ಇಬ್ಬರದೂ ಅಂದೇ ಹುಟ್ಟಿದ ಹಬ್ಬ. ೪೦ ಮಂದಿಯ ತರಗತಿಯಲ್ಲಿ ಹೀಗಾಗುವುದು ಬಲು ಅಪರೂಪವೆಂದು ಹುಡುಗಿಯರು ವಾದಿಸಿದರು. ಅಪರೂಪವಲ್ಲವೆಂದು ನಾವು ಹೇಳಿದೆವು. ೪೦ ಮಂದಿಯಲ್ಲಿ ಇಬ್ಬಿಬ್ಬರಂತೆ ಜೋಡಿ ಮಾಡಿದರೆ ೭೮೦ ಜೋಡಿಗಳಾಗುತ್ತವೆ. ಯಾವುದಾದರೂ ಒಂದು ಜೋಡಿಯ ದಿನ ಒಂದೇ ಆಗಲು ಅಷ್ಟು ಅವಕಾಶವಿದೆ. ೨೩ ಮಂದಿ ಸೇರಿದರೇ ಈ ಸಂಭವವು ಅರ್ಧಕ್ಕಿಂತ ಸ್ವಲ್ಪ ಮೇಲಾಗುತ್ತದೆ. ಕರಿಹಲಗೆಯ ಮೇಲೆ ಲೆಕ್ಕವನ್ನು ಮಾಡಿ ತೋರಿಸಿದರೂ ಅವರ ಮುಖದ ಮೇಲೆ ನಂಬಿಕೆಯಿರಲಿಲ್ಲ. “ಯಂತ್ರದಿಂದಲೇ ಪರೀಕ್ಷಿಸೋಣ, ಟೀಚರ್” ಎಂದು ಒಬ್ಬಳು ಅಂದಳು. ಮುಂದಿನ ಶನಿವಾರ ವಿಜ್ಞಾನ ಪ್ರದರ್ಶನವಿತ್ತು. ಅದಕ್ಕೆ ಇದೇ ವಿಷಯವೆಂದು ಗೊತ್ತಾಯಿತು.

ಪರೀಕ್ಷೆಯ ಕ್ರಮ ಸುಲಭ. ಯಂತ್ರವು ೩೬೫ ದಿನಗಳೊಳಗಿಂದ ೪೦ ದಿನಗಳನ್ನು ಚೀಟಿ ಎತ್ತಿದಂತೆ ಎತ್ತಬೇಕು. ಎರಡು ಒಂದೇ ಆಗಿದ್ದರೆ ಗೆರೆಯೆಳೆಯಬೇಕು. ಹೀಗೆ ಲಕ್ಷಾಂತರ ಸಾರಿ ಮಾಡಬೇಕು. ಒಂದು ಚೀಟಿಯ ಎತ್ತುವಿಕೆಗೂ ಇನ್ನೊಂದಕ್ಕೂ ಸಂಬಂಧವಿಲ್ಲದ್ದರಿಂದ ಇದನ್ನು ಹಲವು ಯಂತ್ರಗಳಿಗೆ ಹಂಚಿಕೊಡಬಹುದು. ೬೦ ಲಕ್ಷ ಸಾರಿ ಮಾಡಿಸಬೇಕಾದರೆ ಆರು ಯಂತ್ರಗಳಿಗೆ ತಲಾ ೧೦ ಲಕ್ಷ. ಒಂದೇ ಯಂತ್ರವು ಇದನ್ನು ಮಾಡಲಾರದೆಂದಲ್ಲ. ಕೆಲಸವನ್ನು ಹಂಚಿಕೊಳ್ಳುವ ವಿದ್ಯೆಯನ್ನು ಮಕ್ಕಳು ಕೈಯಾರೆ ಕಲಿಯಬೇಕೆಂಬುದೇ ನಮ್ಮ ಉದ್ದೇಶವಾಗಿತ್ತು. ಸಾಧಾರಣ ಯಂತ್ರಗಳನ್ನು ಕೂಡಿಸಿ ದೊಡ್ಡ ಲೆಕ್ಕ ಮಾಡಿಸುವ ಪದ್ಧತಿಗೆ ಒಳ್ಳೆಯ ಇತಿಹಾಸವಿದೆ. ೧೯೯೪ರಲ್ಲಿ ಅಮೆರಿಕದ ನಾಸಾ ಸಂಸ್ಥೆಯಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಎಂಬವರು ಪೇಟೆಯಲ್ಲಿ ಸಿಕ್ಕುವ ೧೬ ಸಾಮಾನ್ಯ ಗಣಕಗಳನ್ನು ಜೋಡಿಸಿ ಬಿಯೋವುಲ್ಫ್ ಎಂಬ ಹೆಸರಿಟ್ಟರು. ನಮ್ಮ ದೇಶದಲ್ಲಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯವರು ೧೯೯೧ರಲ್ಲಿಯೇ ಪರಮ್ ೮೦೦೦ ಎಂಬ ಯಂತ್ರವನ್ನು ಕಟ್ಟಿದರು. ೨೦೨೨ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಮ್ ಪ್ರವೇಗವು ನೆಲೆಗೊಂಡಿತು. ಅವೆಲ್ಲ ದೊಡ್ಡ ತೇರುಗಳು, ನಮ್ಮದು ಮಕ್ಕಳ ಬಂಡಿ. ಹಗ್ಗ ಎಳೆಯುವ ನಿಯಮ ಮಾತ್ರ ಎರಡಕ್ಕೂ ಒಂದೇ.

ಪೈಥಾನ್ ಭಾಷೆಯಲ್ಲಿ ಬರೆದ ಕೆಲಸವನ್ನು ಹಂಚುವುದಕ್ಕೆ ಡಾಸ್ಕ್ ಎಂಬ ಸಾಧನವಿದೆ. ಅದರಲ್ಲಿ ಶೆಡ್ಯೂಲರ್ ಎಂಬುದು ಮೇಸ್ತ್ರಿಯಂತೆ ಕೆಲಸವನ್ನು ಹಂಚುತ್ತದೆ. ವರ್ಕರ್ ಎಂಬವು ಆಳುಗಳಂತೆ ಅದನ್ನು ಮಾಡಿ ಫಲವನ್ನು ಹಿಂದಕ್ಕೆ ಒಪ್ಪಿಸುತ್ತವೆ. ಮೊದಲನೆಯ ಯಂತ್ರದ ಎದುರು ಕುಳಿತವಳು ಆಜ್ಞೆ ಕೊಟ್ಟರೆ ಸಾಕು, ಉಳಿದವುಗಳ ಬಳಿಗೆ ಹೋಗಬೇಕಾದ್ದಿಲ್ಲ. ಚೀಟಿ ಎತ್ತುವ ಕೆಲಸಕ್ಕೆ ನಂಪೈ ಎಂಬ ಮಾಡ್ಯೂಲು, ಎಂದರೆ ಹಿಂದಿನವರು ಬರೆದಿಟ್ಟ ಲೆಕ್ಕದ ಸೂತ್ರಗಳ ಒಂದು ಸಿದ್ಧ ಪೆಟ್ಟಿಗೆ, ಬೇಕಾಗಿತ್ತು. ಅದನ್ನು ನಾವೇ ಒಂದು ಸಂಜೆ ಮೊದಲನೆಯ ಯಂತ್ರದಲ್ಲಿ ಹಾಕಿದೆವು. ಡಾಸ್ಕನ್ನು ಆರರಲ್ಲಿಯೂ ಹಾಕಿಸಿದ್ದಾಗಿತ್ತು. ಎಲ್ಲವೂ ಸಿದ್ಧವೆಂದು ಹುಡುಗಿಯರಿಗೆ ತಿಳಿಸಿದೆವು.

ಮೊದಲ ಮೂರು ದಿನ ಒಂದೇ ಯಂತ್ರದಲ್ಲಿ ಅಭ್ಯಾಸ ನಡೆಯಿತು. ತೊಡಕಿಲ್ಲದೆ ಉತ್ತರ ಬಂದಿತು. ಗುರುವಾರ ಮಧ್ಯಾಹ್ನ ಆರನ್ನೂ ಕೂಡಿಸಿ ಆಜ್ಞೆ ಕೊಟ್ಟ ಕೂಡಲೇ ಪರದೆಯ ಮೇಲೆ ಉದ್ದವಾದ ದೂರು ಬಿದ್ದಿತು. ಅದರ ಕೊನೆಯ ಸಾಲು “ಮಾಡ್ಯೂಲ್‌ನಾಟ್‌ಫೌಂಡ್‌ಎರರ್: ನೋ ಮಾಡ್ಯೂಲ್ ನೇಮ್ಡ್ ನಂಪೈ” ಎಂದಿತ್ತು, ಎಂದರೆ ನಂಪೈ ಎಂಬ ಹೆಸರಿನ ಮಾಡ್ಯೂಲೇ ಇಲ್ಲ. ನಾವು ಕೈಯಾರೆ ಹಾಕಿದ ವಸ್ತು ಇಲ್ಲವೆಂದರೆ ಯಾರೋ ಅಳಿಸಿರಲೇಬೇಕೆಂದು ನಮಗೆ ತೋರಿತು. ಮೊದಲನೆಯ ಯಂತ್ರದ ಎದುರು ಕುಳಿತಿದ್ದವಳು ಕಾರ್ಯಕ್ರಮವನ್ನು ಬರೆದ ಹುಡುಗಿಯೇ. ಆಕೆಗೆ ಎಲ್ಲರ ಎದುರಿನಲ್ಲಿ, “ನಿನ್ನೆ ನಡೆಯುತ್ತಿದ್ದದ್ದು ಇಂದು ನಡೆಯದೆ ಹೋಗಬೇಕಾದರೆ ನೀನೇ ಏನೋ ಕೆಡಿಸಿದ್ದೀ. ಎರಡು ದಿನ ಉಳಿದಿರುವಾಗ ಇಂಥ ಉದಾಸೀನವೆ?” ಎಂದು ಕಟುವಾಗಿ ಅಂದೆವು. ಹುಡುಗಿ ಎದುರಾಡಲಿಲ್ಲ. ಎದ್ದು ಕುರ್ಚಿಯನ್ನು ಇನ್ನೊಬ್ಬಳಿಗೆ ಬಿಟ್ಟುಕೊಟ್ಟು ಕಿಟಕಿಯ ಬಳಿ ನಿಂತಳು. ಬೇರೊಬ್ಬಳು ಕುಳಿತು ಆಜ್ಞೆ ಕೊಟ್ಟಾಗಲೂ ಅದೇ ದೂರು ಬಂದಿತು. ಅಷ್ಟರಲ್ಲಿ ಗಂಟೆಯಾಯಿತು.

ಶುಕ್ರವಾರ ಬೆಳಿಗ್ಗೆ, ಶಾಲೆ ಕೂಡುವುದಕ್ಕೆ ಮುಂಚೆಯೇ, ಆ ಹುಡುಗಿ ನೋಟುಪುಸ್ತಕವನ್ನು ಹಿಡಿದುಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದಳು. “ಟೀಚರ್, ನಾನು ನಿನ್ನೆ ಸಂಜೆ ನೋಡಿದೆ. ಮೊದಲನೆಯ ಯಂತ್ರದಲ್ಲಿ ನಂಪೈ ಇದ್ದೇ ಇದೆ. ಹಾಗಾದರೆ ಇಲ್ಲವೆಂದು ಹೇಳುತ್ತಿರುವುದು ಯಾವುದು?” ಎಂದು ಮೆಲ್ಲನೆ ಕೇಳಿದಳು.

ಈ ಪ್ರಶ್ನೆಯನ್ನು ನಾವು ಗುರುವಾರವೇ ಕೇಳಬೇಕಾಗಿತ್ತು. ದೂರು ಕಾಣಿಸಿಕೊಂಡ ಸ್ಥಳವು ಬೇರೆ, ದೂರು ಹುಟ್ಟಿದ ಸ್ಥಳವು ಬೇರೆ. ವರ್ಕರೊಂದು ಎಲ್ಲಿಯೋ ಮೂಲೆಯಲ್ಲಿ ಕೆಲಸ ಮಾಡುವಾಗ ಎಡವಿದರೆ, ಡಾಸ್ಕ್ ಆ ದೂರನ್ನು ಜೋಪಾನವಾಗಿ ಕಟ್ಟಿ ಆಜ್ಞೆ ಕೊಟ್ಟವಳ ಪರದೆಗೆ ತಂದೊಪ್ಪಿಸುತ್ತದೆ. ಆರು ಪಾಲುಗಳಲ್ಲಿ ಒಂದು ಕೆಟ್ಟರೂ, ಫಲಗಳನ್ನು ಒಟ್ಟುಗೂಡಿಸುವಾಗ ಮುಂದೆ ಕಾಣುವುದು ಆ ದೂರೇ. ಓದುವವರು ಅದು ತಮ್ಮ ಎದುರಿನ ಯಂತ್ರದ ಮಾತೆಂದೇ ತಿಳಿಯುತ್ತಾರೆ. ಓಲೆ ತಂದವಳನ್ನೇ ಓಲೆ ಬರೆದವಳೆಂದು ದಂಡಿಸಿದ ಹಾಗೆ ನಮ್ಮ ನ್ಯಾಯವಾಗಿತ್ತು.

“ಹಾಗಾದರೆ ಹಾಜರಿ ತೆಗೆಯೋಣ” ಎಂದೆವು. ಡಾಸ್ಕಿನಲ್ಲಿ ಕ್ಲೈಂಟ್.ರನ್ ಎಂಬ ಆಜ್ಞೆಯಿದೆ. ಅದು ಒಂದು ಸಣ್ಣ ಪ್ರಶ್ನೆಯನ್ನು ಎಲ್ಲಾ ವರ್ಕರುಗಳಿಗೂ ಒಯ್ದು, ಪ್ರತಿಯೊಂದರ ವಿಳಾಸದ ಎದುರು ಅದರ ಉತ್ತರವನ್ನು ಬರೆದು ತರುತ್ತದೆ. ಹುಡುಗಿ ಐದು ಪ್ರಶ್ನೆಗಳನ್ನು ಬರೆದಳು. ನಿನ್ನ ಹೆಸರೇನು? ನೀನು ಯಾವ ಪೈಥಾನಿನಿಂದ ನಡೆಯುತ್ತಿದ್ದೀ? ಅದರ ಆವೃತ್ತಿ ಎಷ್ಟು? ಮಾಡ್ಯೂಲುಗಳನ್ನು ಯಾವ ಯಾವ ಕೋಶಗಳಲ್ಲಿ ಹುಡುಕುತ್ತೀ? ನಂಪೈ ನಿನ್ನಲ್ಲಿದೆಯೆ, ಇದ್ದರೆ ಯಾವ ಆವೃತ್ತಿಯದು? ಎರಡನೆಯದಕ್ಕೆ ಸಿಸ್.ಎಕ್ಸಿಕ್ಯೂಟಬಲ್ ಎಂಬುದೂ ನಾಲ್ಕನೆಯದಕ್ಕೆ ಸಿಸ್.ಪಾತ್ ಎಂಬ ಪಟ್ಟಿಯೂ ಉತ್ತರವಾಗುತ್ತದೆ. ಐದನೆಯದಕ್ಕೆ ನಂಪೈಯನ್ನು ನೇರವಾಗಿ ಕರೆದರೆ ಇಲ್ಲದ ಕಡೆ ಮತ್ತೆ ದೂರೇ ಬೀಳುವುದರಿಂದ, ಇದೆಯೋ ಇಲ್ಲವೋ ಎಂದು ಮಾತ್ರ ನೋಡಿ ಬರುವ ಫೈಂಡ್‌ಸ್ಪೆಕ್ ಎಂಬ ಕ್ರಿಯೆಯನ್ನು ಬಳಸಬೇಕು.

ಹಾಜರಿಯ ಫಲವು ಒಂದು ನಿಮಿಷದೊಳಗೆ ಬಂದಿತು. ಮೊದಲನೆಯದರಲ್ಲಿ ನಂಪೈ ಇದೆ. ಎರಡು, ಮೂರು, ನಾಲ್ಕು, ಐದರಲ್ಲಿ ಇಲ್ಲ. ಆರನೆಯದರಲ್ಲಿ, ಹಿಂದಿನ ವರ್ಷ ವಿಜ್ಞಾನದ ಉಪಾಧ್ಯಾಯಿನಿಯವರು ಹಾಕಿದ್ದರಿಂದ, ಇದೆ, ಆದರೆ ಹಳೆಯದು. ನಾವು ಒಂದು ಯಂತ್ರದಲ್ಲಿ ಪೆಟ್ಟಿಗೆಯನ್ನು ಇಟ್ಟು ಆರಕ್ಕೂ ಇಟ್ಟೆವೆಂದು ತಿಳಿದಿದ್ದೆವು. ಕಾರ್ಯಕ್ರಮವು ತಂತಿಯ ಮೂಲಕ ಎಲ್ಲೆಲ್ಲಿಗೂ ಹೋಗುತ್ತದೆ, ನಿಜ. ಆದರೆ ಅದಕ್ಕೆ ಬೇಕಾದ ಪೆಟ್ಟಿಗೆ ತಾನಾಗಿ ಜೊತೆಯಲ್ಲಿ ಹೋಗುವುದಿಲ್ಲ. ಕೆಲಸ ಮಾಡುವ ಪ್ರತಿಯೊಂದು ಯಂತ್ರದಲ್ಲಿಯೂ ಅದು ಮೊದಲೇ ಇರತಕ್ಕದ್ದು.

ನಾಲ್ಕು ಯಂತ್ರಗಳ ಬಳಿಗೂ ಹೋಗಿ ಪಿಪ್ ಎಂಬ ಆಜ್ಞೆಯಿಂದ ನಂಪೈಯನ್ನು ಹಾಕಿ, ವರ್ಕರುಗಳನ್ನು ಮತ್ತೆ ಎಬ್ಬಿಸಿ, ಎರಡನೆಯ ಸಾರಿ ಹಾಜರಿ ತೆಗೆದೆವು. ಎರಡು, ಮೂರು, ಐದು “ಇದೆ” ಎಂದವು. ನಾಲ್ಕನೆಯದು ಮಾತ್ರ “ಇಲ್ಲ” ಎಂದಿತು. ಅದರ ಎದುರು ಕುಳಿತು ನೋಡಿದರೆ ನಂಪೈ ಇದೆ. ದೂರದಿಂದ ಕೇಳಿದರೆ ಇಲ್ಲ. ನಮಗೆ ಇದೇನು ಮಾಯೆಯೆಂದಾಯಿತು. ಉತ್ತರವು ಹುಡುಗಿಯ ಎರಡನೆಯ ಪ್ರಶ್ನೆಯಲ್ಲಿಯೇ ಇದ್ದಿತು. ಆ ಯಂತ್ರದಲ್ಲಿ ಎರಡು ಪೈಥಾನುಗಳಿದ್ದವು: ಯಂತ್ರದ ಜೊತೆಗೆ ಬಂದದ್ದೊಂದು, ದಾನಿಗಳು ಆಮೇಲೆ ಹಾಕಿದ ಅನಕೊಂಡ ಎಂಬುದೊಂದು. ಡಾಸ್ಕ್ ಎರಡರಲ್ಲಿಯೂ ಇದ್ದುದರಿಂದ ವರ್ಕರು ಸಂಕೋಚವಿಲ್ಲದೆ ಎದ್ದಿತು. ನಾವು ಎದುರು ಕುಳಿತು ಪಿಪ್ ಎಂದಾಗ ನಂಪೈ ಎರಡನೆಯದರ ಪಾಲಾಯಿತು. ಮೊದಲನೆಯ ಯಂತ್ರದಿಂದ ಎಸ್‌ಎಸ್‌ಎಚ್ ಮೂಲಕ ವರ್ಕರನ್ನು ಎಬ್ಬಿಸಿದಾಗ ಎದ್ದದ್ದು ಹಳೆಯದು. ಯಂತ್ರದ ಎದುರು ಕುಳಿತವನಿಗಾಗಿ ಓದುವ ಸಿದ್ಧತೆಯ ಕಡತಗಳನ್ನು, ದೂರದಿಂದ ಒಂದೇ ಆಜ್ಞೆಯನ್ನು ಕೊಟ್ಟಾಗ ಅದು ಪೂರ್ತಿ ಓದದೆ ಇರಬಹುದು. ಒಂದೇ ಮನೆಯಲ್ಲಿ ಎರಡು ಅಡಿಗೆಮನೆಗಳಿದ್ದು, ಒಂದರಲ್ಲಿ ಉಪ್ಪು ಇಟ್ಟು ಇನ್ನೊಂದರಲ್ಲಿ ಅಡಿಗೆ ಮಾಡಿದಂತಾಯಿತು. ವರ್ಕರನ್ನು ಎಬ್ಬಿಸುವ ಆಜ್ಞೆಯಲ್ಲಿ ಪೈಥಾನಿನ ಪೂರ್ಣ ವಿಳಾಸವನ್ನೇ ಬರೆದೆವು; ತೊಡಕು ತೀರಿತು. ಬರಿದೆ ಪಿಪ್ ಎನ್ನುವುದಕ್ಕಿಂತ, ಯಾವ ಪೈಥಾನು ಕೆಲಸ ಮಾಡುವುದೋ ಅದನ್ನೇ ಹೆಸರಿಸಿ “-ಎಂ ಪಿಪ್” ಎಂದು ಹಾಕಿಸುವುದು ಕ್ಷೇಮವೆಂಬುದನ್ನೂ ಅಂದು ಕಲಿತೆವು.

ಆರನೆಯ ಯಂತ್ರದ ಹಳೆಯ ನಂಪೈಯನ್ನೂ ಉಳಿದವುಗಳಿಗೆ ಸರಿಯಾಗಿ ಬದಲಾಯಿಸಿದೆವು. ಇದು ಬರಿಯ ಅಚ್ಚುಕಟ್ಟಿಗಾಗಿ ಅಲ್ಲ. ೨೦೨೪ರ ಜೂನಿನಲ್ಲಿ ನಂಪೈಯ ೨.೦ ಆವೃತ್ತಿ ಬಂದಾಗ ಅದರ ಒಳಕೋಣೆಯೊಂದರ ಹೆಸರು ಬದಲಾಯಿತು. ಹೊಸದರಲ್ಲಿ ಕಟ್ಟಿದ ಗಂಟನ್ನು ಬಹಳ ಹಳೆಯದರಲ್ಲಿ ಬಿಚ್ಚಹೊರಟರೆ “ನಂಪೈ._ಕೋರ್ ಎಂಬ ಮಾಡ್ಯೂಲು ಇಲ್ಲ” ಎಂಬ ದೂರು ಬರುವುದುಂಟು. ಇದೆಯೆಂದರೆ ಸಾಲದು, ಎಲ್ಲರಲ್ಲಿಯೂ ಒಂದೇ ಇದೆಯೆ ಎಂದು ಕೇಳಬೇಕು. ಪೈಥಾನಿನ ಆವೃತ್ತಿಯ ಮಾತೂ ಹಾಗೆಯೇ. ಇನ್ನೊಂದು ಸಣ್ಣ ಎಚ್ಚರಿಕೆಯೂ ಉಂಟು: ಕೆಲವು ಪೆಟ್ಟಿಗೆಗಳಿಗೆ ಅಂಗಡಿಯ ಹೆಸರೊಂದು, ಮನೆಯ ಹೆಸರೊಂದು. ಪಿಲ್ಲೋ ಎಂದು ತರಿಸಿದ್ದನ್ನು ಪಿಐಎಲ್ ಎಂದು ಕರೆಯಬೇಕು. ಸೈಕಿಟ್-ಲರ್ನ್ ಎಂದು ತರಿಸಿದ್ದನ್ನು ಎಸ್‌ಕೆಲರ್ನ್ ಎಂದು.

ಮಧ್ಯಾಹ್ನದ ಊಟಕ್ಕೆ ಮುಂಚೆ ಆರೂ ಯಂತ್ರಗಳು ಉತ್ತರ ಕೊಟ್ಟವು. ಆಗ ನಾವು ತರಗತಿಯನ್ನು ನಿಲ್ಲಿಸಿ, ಗುರುವಾರ ಯಾರ ಯಾರ ಎದುರಿನಲ್ಲಿ ಆ ಮಾತನ್ನು ಆಡಿದ್ದೆವೋ ಅವರೆಲ್ಲರ ಎದುರಿನಲ್ಲಿ, ತಪ್ಪು ನಮ್ಮದೆಂದೂ ಹುಡುಗಿಯದಲ್ಲವೆಂದೂ ಹೇಳಿ ಆಕೆಯ ಕ್ಷಮೆಯನ್ನು ಬೇಡಿದೆವು. ಇಪ್ಪತ್ತು ವರ್ಷಗಳ ಉಪಾಧ್ಯಾಯ ವೃತ್ತಿಯಲ್ಲಿ ಈ ಮಾತನ್ನು ಬಹಿರಂಗವಾಗಿ ಹೇಳಿದ್ದು ಅದೇ ಮೊದಲು. ಹೇಳುವುದಕ್ಕೆ ಮುಂಚೆ ಎಷ್ಟು ಕಷ್ಟವೆನಿಸಿತೋ ಹೇಳಿದ ಮೇಲೆ ಅಷ್ಟು ಹಗುರವಾಯಿತು. ಹುಡುಗಿ ತಲೆ ತಗ್ಗಿಸಿಕೊಂಡು, “ಪರವಾಯಿಲ್ಲ ಟೀಚರ್” ಎಂದು ಮತ್ತೆ ಮೊದಲನೆಯ ಯಂತ್ರದ ಎದುರು ಕುಳಿತಳು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ನೋಡುವವರಿಗೆ ಅಚ್ಚುಕಟ್ಟಾಗಿರಲೆಂದು ಆಕೆ ಚೀಟಿ ಎತ್ತುವ ಭಾಗವನ್ನು ‘ಜನ್ಮದಿನ’ ಎಂಬ ಬೇರೆ ಕಡತಕ್ಕೆ ಸಾಗಿಸಿದಳು. ಆಜ್ಞೆ ಕೊಟ್ಟರೆ ಮತ್ತೆ ಅದೇ ದೂರು. ಈ ಸಾರಿ ಇಲ್ಲದಿರುವುದು ನಂಪೈಯಲ್ಲ, ‘ಜನ್ಮದಿನ’. ಈಗ ಯಾರೂ ಯಾರನ್ನೂ ಗದರಲಿಲ್ಲ. “ಹಾಜರಿ, ಹಾಜರಿ” ಎಂದು ಹುಡುಗಿಯರೇ ಕೂಗಿದರು. ಕಾರಣವು ಹೀಗೆ. ಮುಖ್ಯ ಪುಟದಲ್ಲಿಯೇ ಬರೆದ ಕ್ರಿಯೆಯನ್ನು ಡಾಸ್ಕ್ ಪೂರ್ತಿಯಾಗಿ ನಕಲು ಮಾಡಿ ಕಳುಹಿಸುತ್ತದೆ. ಬೇರೆ ಕಡತದಲ್ಲಿರುವ ಕ್ರಿಯೆಯಾದರೆ ಅದರ ಹೆಸರನ್ನು ಮಾತ್ರ ಕಳುಹಿಸುತ್ತದೆ. ಉಪಾಧ್ಯಾಯಿನಿ ಪದ್ಯವನ್ನು ಹಲಗೆಯ ಮೇಲೆ ಬರೆದರೆ ಎಲ್ಲರೂ ಓದುವರು. “ಪುಸ್ತಕದ ೩೨ನೆಯ ಪುಟ ತೆಗೆಯಿರಿ” ಎಂದರೆ ಪುಸ್ತಕವಿಲ್ಲದ ಮಗು ಏನು ಮಾಡೀತು? ‘ಜನ್ಮದಿನ’ವೆಂಬ ಪುಸ್ತಕವು ಮೊದಲನೆಯ ಯಂತ್ರದಲ್ಲಿ ಮಾತ್ರ ಇತ್ತು.

ಆ ಕಡತವನ್ನು ಎಲ್ಲಾ ಯಂತ್ರಗಳಿಗೂ ನಕಲು ಮಾಡಿದೆವು, ಅದೂ ಸಿಸ್.ಪಾತ್ ಪಟ್ಟಿಯಲ್ಲಿರುವ ಕೋಶಕ್ಕೆ, ಏಕೆಂದರೆ ಆ ಪಟ್ಟಿಯಲ್ಲಿಲ್ಲದ ಕಡೆ ಇಟ್ಟರೆ ಇಟ್ಟೂ ಇಡದ ಹಾಗೆ. ಕೆಲಸ ನಡೆಯಿತು. ಆಮೇಲೆ ೪೦ರ ಬದಲು ೨೩ ಎಂದು ತಿದ್ದಿ, ಮತ್ತೆ ನಕಲು ಮಾಡಿ ಕೇಳಿದರೆ ಉತ್ತರವು ಹಿಂದಿನದೇ ಬಂದಿತು. ದೂರಿಲ್ಲ, ಎಚ್ಚರಿಕೆಯಿಲ್ಲ, ತಪ್ಪು ಉತ್ತರವು ಸರಿಯಾದ ಮುಖದಿಂದ ಬಂದು ನಿಂತಿತು. ಹಲಗೆಯ ಮೇಲೆ ನಾವು ಮಾಡಿದ್ದ ಲೆಕ್ಕವು ಅರ್ಧಕ್ಕೆ ಹತ್ತಿರವೆಂದು ಹೇಳುತ್ತಿದ್ದುದರಿಂದ ಹುಡುಗಿಯರು ಅದನ್ನು ಹಿಡಿದರು. ಪೈಥಾನು ಒಂದು ಮಾಡ್ಯೂಲನ್ನು ಒಮ್ಮೆ ಓದಿದ ಮೇಲೆ ನೆನಪಿನಿಂದಲೇ ನಡೆಯುತ್ತದೆ. ಮತ್ತೆ ಎಬ್ಬಿಸಿದ ಹೊರತು ಕಡತವನ್ನು ತೆರೆದು ನೋಡುವುದಿಲ್ಲ. ವರ್ಕರುಗಳನ್ನು ಮತ್ತೆ ಎಬ್ಬಿಸಿದೆವು. ಇಷ್ಟು ಓಡಾಟವಿಲ್ಲದೆ, ಕ್ಲೈಂಟಿನ ಅಪ್‌ಲೋಡ್‌ಫೈಲ್ ಎಂಬ ಒಂದೇ ಆಜ್ಞೆಯಿಂದ ಕಡತವನ್ನು ಎಲ್ಲರಿಗೂ ತಲುಪಿಸಬಹುದೆಂಬುದು ಸಂಜೆ ತಿಳಿಯಿತು. ದೊಡ್ಡ ಸಂಸ್ಥೆಗಳಲ್ಲಿ ಎಲ್ಲಾ ಯಂತ್ರಗಳಿಗೂ ಕಾಣುವಂಥ ಒಂದೇ ಕಣಜವನ್ನಿಟ್ಟು ಈ ತೊಡಕನ್ನು ಬಹುಮಟ್ಟಿಗೆ ತಪ್ಪಿಸುವರು.

ಶನಿವಾರ ಪ್ರದರ್ಶನವು ಚೆನ್ನಾಗಿ ನೆರವೇರಿತು. ೪೦ ಮಂದಿಗೆ ನೂರಕ್ಕೆ ಸುಮಾರು ೮೯, ೨೩ ಮಂದಿಗೆ ನೂರಕ್ಕೆ ೫೦ಕ್ಕಿಂತ ಸ್ವಲ್ಪ ಮೇಲೆ ಎಂದು ಯಂತ್ರಗಳು ಹೇಳಿದವು. ಹಲಗೆಯ ಲೆಕ್ಕವೂ ಅದನ್ನೇ ಹೇಳಿತು. ತಾಯಂದಿರು ತಮ್ಮ ತಮ್ಮ ಮಕ್ಕಳ ಹುಟ್ಟಿದ ದಿನಗಳನ್ನು ಹೋಲಿಸಿಕೊಂಡು ನಗುತ್ತಿದ್ದರು. ಪ್ರತಿ ಸಾರಿಯೂ ಲೆಕ್ಕಕ್ಕೆ ಮುಂಚೆ ಆ ಹುಡುಗಿ ಗಟ್ಟಿಯಾಗಿ ಆರು ಯಂತ್ರಗಳ ಹಾಜರಿ ತೆಗೆದಳು.

ಈ ಸಂಗತಿಯು ನಮ್ಮ ಬೋಧನೆಯ ಕ್ರಮವನ್ನೂ ಬದಲಾಯಿಸಿತೆಂದು ಹೇಳಬೇಕು. ಮುಂದಿನ ಬೆಂಚಿನ ಇಬ್ಬರು ತಲೆಯಾಡಿಸಿದರೆ ತರಗತಿಗೆಲ್ಲ ತಿಳಿಯಿತೆಂದು ನಾವು ಎಷ್ಟು ಸಾರಿ ಮುಂದೆ ಹೋಗಿಲ್ಲ? ಹಿಂದಿನ ಬೆಂಚಿನಲ್ಲಿ ಒಬ್ಬಳು ತಪ್ಪಿದಾಗ ಆಕೆಯನ್ನು ಗದರುವುದಕ್ಕೆ ಮೊದಲು, ಆಕೆಗೆ ಬೇಕಾದ ಸಾಮಗ್ರಿ ಆಕೆಯ ಬಳಿ ಇದೆಯೆ ಎಂದು ಎಷ್ಟು ಸಾರಿ ಕೇಳಿದ್ದೇವೆ? ಪ್ರದರ್ಶನವಾದ ಸೋಮವಾರ ಒಂಬತ್ತನೆಯ ತರಗತಿಯಲ್ಲಿ ರೇಖಾಗಣಿತವನ್ನು ತೆಗೆಯುವುದಕ್ಕೆ ಮುಂಚೆ, “ಕೈವಾರ ಇಲ್ಲದವರು ಯಾರು? ನಾಚಬೇಡಿ” ಎಂದು ಕೇಳಿದೆವು. ಸ್ವಲ್ಪ ಹೊತ್ತು ಯಾರೂ ಅಲುಗಲಿಲ್ಲ. ಆಮೇಲೆ ಒಂದು ಕೈ ಎದ್ದಿತು. ಅದನ್ನು ನೋಡಿ ಮತ್ತೆ ಮೂರು. ಜೂನಿನಿಂದಲೂ ಅವರು ಪಕ್ಕದವಳ ಕೈವಾರಕ್ಕಾಗಿ ಕಾಯುತ್ತಾ ಕುಳಿತಿದ್ದರು. ಅವರ ಚಿತ್ರಗಳು ಅಪೂರ್ಣವೆಂದು ನಾವು ಅಂಕ ಕಳೆಯುತ್ತಾ ಬಂದಿದ್ದೆವು.

ಕಾರ್ಯಕ್ರಮ ಬರೆದ ಹುಡುಗಿ ೨೦೨೫ರಲ್ಲಿ ನಮ್ಮ ಶಾಲೆಯನ್ನು ಮುಗಿಸಿ ಹೋದಳು. ಆಕೆಯ ಐದು ಪ್ರಶ್ನೆಗಳ ಹಾಳೆಯನ್ನು ಗಣಕ ಕೊಠಡಿಯ ಬಾಗಿಲಿಗೆ ಅಂಟಿಸಿದ್ದೇವೆ. ಅದರ ಕೆಳಗೆ, ಆಕೆಯ ಅಪ್ಪಣೆ ಪಡೆದು, ಆರನೆಯ ಪ್ರಶ್ನೆಯೊಂದನ್ನು ನಮ್ಮ ಕೈಯಿಂದ ಬರೆದು ಸೇರಿಸಿದೆವು: “ಇಲ್ಲವೆಂದು ಹೇಳುತ್ತಿರುವುದು ಯಾವುದು?”